ಪ್ಲಗ್ಗಿನ ಮೇಲಿನ ಟವೆಲ್ಲು ಗಡಿ ದಾಟಿದ್ದು

ಓದುಗರೇ, ಎದೆ ಮುಟ್ಟಿಕೊಂಡು ಹೇಳಿ: ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಹಾಗೆ ಹಿಡಿದ ಸೀಟು ನಿಮ್ಮದೆಂದು ಯಾವ ಕಾನೂನಿನಲ್ಲಿ ಬರೆದಿದೆ? ಎಲ್ಲಿಯೂ ಬರೆದಿಲ್ಲ. ಆದರೂ ಬೇರೊಬ್ಬರ ಟವೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು ಕೂರುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ. ಈ ಪ್ರವಾಸ ಕಥನ ಅಂಥ ಒಂದು ಟವೆಲ್ಲಿನದು. ಅದರ ಜೊತೆಯಲ್ಲಿ ಹೋಗಿಬಂದವರು ನಾವಿಬ್ಬರು.

ಚನ್ನಗಿರಿ: ಹೊರಡುವ ಮುನ್ನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ಸಣ್ಣ ರೈತರ ಸರಕನ್ನು ಸಂತೆಯಿಂದ ಸಂತೆಗೆ ಸಾಗಿಸುವ ಸಹಕಾರ ಸಂಘವೊಂದಕ್ಕೆ ನಾನು ಕಾರ್ಯದರ್ಶಿ. ನಮ್ಮ ಸರಕು ಆಟೋಗಳೆಲ್ಲ ವಿದ್ಯುತ್ತಿನವು. ಹೊಗೆಯಿಲ್ಲದ, ಸದ್ದಿಲ್ಲದ ಈ ಗಾಡಿಗಳನ್ನು ತರಬೇಕೆಂದು ಸಂಘದ ಸಭೆಯಲ್ಲಿ ವಾದಿಸಿ ಗೆದ್ದವಳು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಪಳಗಿದ ನಾಲಿಗೆ ನನ್ನದು. ಗಾಡಿಗಳು ಬಂದವು. ಅವುಗಳಿಗೆ ವಿರೋಧಪಕ್ಷವಾಗಿ ಟವೆಲ್ಲುಗಳೂ ಬಂದವು.

ಚನ್ನಗಿರಿಯ ನಮ್ಮ ಶೆಡ್ಡಿನಲ್ಲಿ ಚಾರ್ಜ್ ಮಾಡುವ ಪ್ಲಗ್ಗುಗಳು ಮೂರೇ. ಅಲ್ಲಿನ ಟ್ರಾನ್ಸ್‌ಫಾರ್ಮರ್ ಅದಕ್ಕಿಂತ ಹೆಚ್ಚಿನ ಭಾರ ಹೊರಲು ಒಪ್ಪುವುದಿಲ್ಲ. ದೂರದಿಂದ ಬಂದ ಗಾಡಿಗಳು ಸರಕು ಇಳಿಸಿ, ಇಲ್ಲಿ ಚಾರ್ಜ್ ಮಾಡಿಕೊಂಡೇ ಊರಿಗೆ ಮರಳಬೇಕು. ಸರದಿಯ ನಿಯಮಗಳನ್ನು ನಾನು ದುಂಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಅವನ್ನು ಎಲ್ಲರೂ ಗೌರವಿಸುತ್ತಿದ್ದರು, ಯಾರೂ ಓದುತ್ತಿರಲಿಲ್ಲ. ಬೆಳಿಗ್ಗೆ ಮೊದಲು ಬಂದ ಚಾಲಕ ಪ್ಲಗ್ಗಿನ ಮೇಲೊಂದು ಟವೆಲ್ಲು ಹಾಕಿ, ಸಂತೆಗೆ ಹೋಗಿ ಸರಕು ಇಳಿಸಿ, ಚಹಾ ಕುಡಿದು, ಪರಿಚಯದವರನ್ನೆಲ್ಲ ಮಾತನಾಡಿಸಿಕೊಂಡು ಮರಳುವವರೆಗೆ ಆ ಪ್ಲಗ್ಗು ಟವೆಲ್ಲಿಗೇ ಚಾರ್ಜ್ ಮಾಡುತ್ತಾ ಕೂತಿರುತ್ತಿತ್ತು. ಕೊನೆಗೆ ಗಾಡಿಯನ್ನು ಚಾರ್ಜಿಗೆ ಹಾಕಿದ ಮೇಲಾದರೂ ಮುಕ್ತಿಯುಂಟೇ? ಅದೂ ಇಲ್ಲ. ಗಾಡಿಗೆ ಬೀಗ ಹಾಕಿ, ಕೀಯನ್ನು ಜೇಬಿಗಿಳಿಸಿ ಅವನು ಊಟಕ್ಕೆ ಹೋಗುವನು. ಬ್ಯಾಟರಿ ತುಂಬಿದರೂ ಅವನು ಬರುವ ತನಕ ಗಾಡಿ ಕದಲುವಂತಿಲ್ಲ.

ಇದರ ಪೆಟ್ಟು ತಿಂದವನು ಎಲ್ಲರಿಗಿಂತ ದೂರದಿಂದ ಬರುವ ಜಗಳೂರಿನ ನಾಗರಾಜ. ಒಂದು ದಿನ ಕಾದು ಕಾದು ಬೇಸತ್ತು ಅರ್ಧ ಚಾರ್ಜಿನಲ್ಲೇ ಹೊರಟವನು ಸಂತೇಬೆನ್ನೂರು ದಾಟಿದ ಮೇಲೆ ರಸ್ತೆಯಲ್ಲೇ ನಿಂತ. ಗಾಡಿಯಲ್ಲಿದ್ದದ್ದು ಒಂದು ಮದುವೆಯ ಬಾಳೆಎಲೆ. ಎಲೆಗಳು ಜಗಳೂರು ತಲುಪುವ ಹೊತ್ತಿಗೆ ಬೀಗರು ಕಾಗದದ ತಟ್ಟೆಯಲ್ಲಿ ಉಂಡು ಕೈ ತೊಳೆದಿದ್ದರು. ಹೆಣ್ಣಿನ ತಂದೆ ನಮ್ಮ ಅಧ್ಯಕ್ಷರಾದ ಚನ್ನಬಸಪ್ಪನವರ ಮನೆ ಬಾಗಿಲಿಗೇ ಬಂದರು.

ಅಧ್ಯಕ್ಷರು ನನ್ನನ್ನು ಕರೆಸಿ, "ಸುಧಮ್ಮ, ನಿಮ್ಮ ಮಾತು ಕೇಳಾಕೆ ಚೆಂದ ಐತೆ. ಆದ್ರೆ ಬಾಳೆಲೆ ಮಾತಿನ ಮ್ಯಾಲೆ ಹೋಗಲ್ಲ ನೋಡ್ರಿ, ಗಾಡಿ ಮ್ಯಾಲೆ ಹೋಗ್ತವೆ. ಮುಂದಿನ ಸಭೆಯಾಗೆ ಈ ಗಾಡಿ ವಾಪಸ್ ಕೊಟ್ಟು ಡೀಸೆಲ್ ಗಾಡಿ ಬಾಡಿಗಿಗೆ ತಗೊಳ್ಳಾಣ," ಎಂದರು.

ಡೀಸೆಲ್ ಗಾಡಿಗಳು ಬಾಡಿಗೆಗೆ ಬರುವುದು ಅವುಗಳ ಚಾಲಕರ ಸಮೇತ. ಹಾಗೆಂದರೆ ನಮ್ಮ ಚಾಲಕರು ಬೇರೆ ದಾರಿ ನೋಡಿಕೊಳ್ಳಬೇಕು. ಉಳಿದವರು ಹೇಗೋ ಬೇರೆ ಗಾಡಿ ಹತ್ತಿಯಾರು. ಗಂಗಾಬಾಯಿಗೆ ಆ ಅನುಕೂಲವಿರಲಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಈಕೆ ಸ್ಟಿಯರಿಂಗ್ ಹಿಡಿಯಲು ಕಲಿತದ್ದೇ ನಮ್ಮ ವಿದ್ಯುತ್ ಗಾಡಿಯಲ್ಲಿ. ಹೆಂಗಸಿಗೆ ಗಾಡಿ ಕೊಡುವ ಬೇರೆ ಮಾಲೀಕ ನಾಲ್ಕೂ ತಾಲ್ಲೂಕಿನಲ್ಲಿ ಸಿಕ್ಕಿರಲಿಲ್ಲ. ಗಾಡಿ ಹೋದರೆ ಅವಳು ಮತ್ತೆ ಇನ್ನೊಬ್ಬರ ಹೊಲದ ಕಳೆ ಕೀಳಲು ಹೋಗಬೇಕು. "ಕಳೆ ಕೀಳಾದು ನಂಗೆ ಬರ್ತೈತೆ ಸುಧಕ್ಕ. ಆದ್ರೆ ಈಗ ಬಗ್ಗಿದ್ರೆ ಸೊಂಟ ಕೇಳತೈತೆ, ನಿನ್ ಗಾಡಿ ಎಲ್ಲಿ ಅಂತ," ಎಂದಿದ್ದಳು.

ಸತ್ಯಕ್ಕೆ ಅಪಚಾರವಾಗಬಾರದೆಂದು ಇದನ್ನೂ ಹೇಳುತ್ತೇನೆ: ಟವೆಲ್ಲು ಹಾಕುವವರಲ್ಲಿ ಅಗ್ರಗಣ್ಯಳೂ ಗಂಗಾಬಾಯಿಯೇ. ಹೊನ್ನಾಳಿ ಸಂತೆಯಲ್ಲಿ ಕೊಂಡ ನೀಲಿ ಚೌಕಳಿಯ ಅವಳ ಟವೆಲ್ಲು ಗಾಡಿಗಿಂತ ಮೊದಲು ಶೆಡ್ಡು ತಲುಪುತ್ತಿತ್ತು. ಕೈಗೆ ಸಿಕ್ಕ ಹಾಲಿನವನ ಬೈಕಿನಲ್ಲಿ ಅದನ್ನು ಮುಂಚಿತವಾಗಿ ಕಳಿಸಿಬಿಡುತ್ತಿದ್ದಳು.

ಕಠ್ಮಂಡುವಿನಲ್ಲಿ ಹೆಂಗಸರೇ ಬಹುಕಾಲದಿಂದ ವಿದ್ಯುತ್ ಗಾಡಿ ಓಡಿಸುತ್ತಾರೆಂದು ಓದಿದ್ದೆ. ಅಲ್ಲಿನ ಚಾಲಕಿಯರ ಒಂದು ಕೂಟಕ್ಕೆ ಬರೆದೆ, ಬನ್ನಿ ಎಂದರು. ನಾವು ಮರಳಿದ ಮೇಲೆಯೇ ಸಭೆ ಕರೆಯಲು ಅಧ್ಯಕ್ಷರು ಒಪ್ಪಿದರು. ಗಂಗಾಬಾಯಿ ಮಂಡಕ್ಕಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು, ಟವೆಲ್ಲನ್ನು ಹೆಗಲಿಗೇರಿಸಿ ಹೊರಟಳು.

ಗಡಿಯ ಸೇತುವೆ

ಉತ್ತರ ಭಾರತದ ಕೊನೆಯ ರೈಲು ನಿಲ್ದಾಣದಲ್ಲಿ ಇಳಿದು, ಗಡಿ ದಾಟಲು ಬ್ಯಾಟರಿ ರಿಕ್ಷಾ ಹತ್ತಿದೆವು. ವಿದ್ಯುತ್ ವಾಹನದ ಅಧ್ಯಯನಕ್ಕೆ ಹೊರಟವರು ವಿದ್ಯುತ್ ವಾಹನದಲ್ಲೇ ಪರದೇಶವನ್ನು ಪ್ರವೇಶಿಸುವುದು ಎಷ್ಟು ಉಚಿತ ಎಂದು ನಾನು ಹೇಳುತ್ತಿದ್ದೆ. ಮಾತು ಮುಗಿಯುವ ಮೊದಲೇ ಸೇತುವೆಯ ನಟ್ಟನಡುವೆ ರಿಕ್ಷಾ ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿಂತಿತು.

ಹಿಂದೆ ಭಾರತ, ಮುಂದೆ ನೇಪಾಳ. ಎರಡೂ ಕಡೆಯವರು ಹಾರ್ನ್ ಮಾಡುತ್ತಿದ್ದರು. ರಿಕ್ಷಾದವನು ಸ್ವಲ್ಪವೂ ವಿಚಲಿತನಾಗದೆ ಬೀಡಿ ಹಚ್ಚಿ, ಬೆಳಿಗ್ಗೆ ಪೂರ್ತಿ ಚಾರ್ಜ್ ಆಗಿರಲಿಲ್ಲ, ಬೇರೆಯವರು ಜಾಗ ಹಿಡಿದಿದ್ದರು ಎಂದ.

"ಅಲ್ಲ ಸುಧಕ್ಕ," ಎಂದಳು ಗಂಗಾಬಾಯಿ, ಕೆಳಗಿಳಿದು ಸೆರಗು ಕಟ್ಟುತ್ತಾ, "ಇಷ್ಟೇ ನೋಡಾದಾದ್ರೆ ಚನ್ನಗಿರಿ ಶೆಡ್ಡಿನಾಗೇ ಇತ್ತಲ್ರಿ."

ತಳ್ಳಿದೆವು. ಪರದೇಶದ ನೆಲಕ್ಕೆ ನನ್ನ ಮೊದಲ ಹೆಜ್ಜೆ ಹೀಗೆ ಹಲ್ಲು ಕಚ್ಚಿ, ರಿಕ್ಷಾದ ಹಿಂಬದಿಗೆ ಭುಜ ಕೊಟ್ಟು ಇಟ್ಟದ್ದು. ಆಚೆ ಬದಿಯ ಅಧಿಕಾರಿ ನಮ್ಮ ಚೀಲ ಬಿಚ್ಚಿಸಿ ಮಂಡಕ್ಕಿಯನ್ನು ಬಹಳ ಹೊತ್ತು ದಿಟ್ಟಿಸಿದ. ಗಂಗಾಬಾಯಿ ಒಂದು ಹಿಡಿ ಅವನ ಅಂಗೈಗೆ ಹಾಕಿದಳು. ತಿಂದ. ಇನ್ನೊಂದು ಹಿಡಿ ಕೇಳಿದ. ತನಿಖೆ ಅಲ್ಲಿಗೆ ಮುಗಿಯಿತು.

ಆ ದೇಶದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು. ನಾನು ಕೈಗಡಿಯಾರ ತಿರುಗಿಸಿಕೊಂಡೆ. ಗಂಗಾಬಾಯಿ ಒಪ್ಪಲಿಲ್ಲ. "ಕಾಲು ಗಂಟೆ ಅವರ ಹತ್ರ ಇಟ್ಟು ಹೋಗಾಕೆ ನಾನೇನು ದೊಡ್ಡ ಸಾಹುಕಾರ್ತಿ?" ಎಂದಳು. ಉಳಿದ ಪ್ರವಾಸದುದ್ದಕ್ಕೂ ಅವಳು ಎಲ್ಲ ಕಡೆಗೂ ತಡವಾಗಿ ಬಂದು, ಎಲ್ಲರೂ ಅವಸರದ ಜನ ಎಂದು ದೂರಿದಳು.

ಕಠ್ಮಂಡು

ನಮ್ಮಲ್ಲಿ ಟಂಟಂ ಎನ್ನುತ್ತಾರಲ್ಲ, ಅದಕ್ಕೆ ಅಣ್ಣನಂಥ ಮೂರು ಚಕ್ರದ ಗಾಡಿ ಅವರದು. ಹಿಂದೆ ಎರಡು ಉದ್ದ ಬೆಂಚು. ಎದುರುಬದುರು ಕೂತವರ ಮೊಣಕಾಲುಗಳು ಊರು ಬರುವಷ್ಟರಲ್ಲಿ ನೆಂಟರಾಗುತ್ತವೆ. ಇಳಿಯಬೇಕಾದವರು ತಗಡಿನ ಚಾವಣಿಯನ್ನು ಬಡಿಯಬೇಕು. ನಾನು ಸಂಕೋಚದಿಂದ ಬಡಿದದ್ದು ಚಾಲಕಿಗೆ ಕೇಳದೆ ನಮ್ಮ ನಿಲ್ದಾಣ ದಾಟಿಹೋಯಿತು. ಗಂಗಾಬಾಯಿ ಬಡಿದಳು. ಗಾಡಿ ನಿಂತಿತು, ಹಿಂದಿನ ಎರಡು ಗಾಡಿಗಳೂ ನಿಂತವು.

ಭಾಷೆಯ ವಿಚಾರದಲ್ಲಿಯೂ ಅವಳದೇ ಮೇಲುಗೈ. ನನ್ನ ಹಿಂದಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹಿಂದಿ. ಮಾತಿಗೆ ಕರೆದರೆ ಬಾರದು. ಅವಳ ಲಂಬಾಣಿ ಮಾತಿನ ನೀರು, ಮನೆ, ಹಾಲುಗಳಿಗೆ ಅಲ್ಲಿನವರ ಮಾತಿನೊಂದಿಗೆ ದೂರದ ಬಳಗವಿತ್ತು. ಉಳಿದದ್ದನ್ನು ಅವಳು ಕೈಸನ್ನೆಯಿಂದ ತುಂಬಿಕೊಳ್ಳುತ್ತಿದ್ದಳು.

ಕೂಟದ ಶೆಡ್ಡಿನ ಹೊಣೆ ಹೊತ್ತವರು ಮೀನಾ ಎಂಬ ಗಟ್ಟಿ ದನಿಯ ಹೆಂಗಸು. ಅಲ್ಲಿ ಎಲ್ಲರೂ ಅವರನ್ನು ದಿದಿ, ಅಂದರೆ ಅಕ್ಕ ಎನ್ನುತ್ತಾರೆ. ಅವರ ಹಳೆಯ ಗಾಡಿಗಳು ಚಾರ್ಜಿಗೆ ನಿಲ್ಲುವುದೇ ಇಲ್ಲ. ಖಾಲಿ ಬ್ಯಾಟರಿಯನ್ನು ಜಾರಿಸಿ ಹೊರಗೆಳೆದು, ತುಂಬಿದ ಬೇರೊಂದನ್ನು ಒಳಗೆ ತಳ್ಳಿ ಚಾಲಕಿ ಹೊರಟುಬಿಡುತ್ತಾಳೆ. ಯಾವ ಬ್ಯಾಟರಿಯೂ ಯಾರದೂ ಅಲ್ಲ. ನಾನು ಪುಳಕಿತಳಾದೆ. ಖಾಸಗಿ ಒಡೆತನದ ಮೋಹವನ್ನು ಈ ಮಹಿಳೆಯರು ಸದ್ದಿಲ್ಲದೆ ದಾಟಿರುವ ಬಗ್ಗೆ ಅಲ್ಲೇ ನಿಂತು ನನ್ನ ಪರೀಕ್ಷೆಯ ಹಿಂದಿಯಲ್ಲೇ ನಾಲ್ಕು ಮಾತು ಆಡಿದೆ. ಮೀನಾ ದಿದಿ ತಾಳ್ಮೆಯಿಂದ ಕೇಳಿಸಿಕೊಂಡು, ಚಹಾ ಆರುತ್ತಿದೆ ಎಂದರು.

ಗಂಗಾಬಾಯಿಗೆ ಮಾತ್ರ ನೆಮ್ಮದಿಯಿಲ್ಲ. "ನನ್ ಗಾಡಿ ಬ್ಯಾಟ್ರಿಗೆ ನಾನು ಅರಿಶಿಣ ಕುಂಕುಮ ಇಟ್ಟಿರ್ತೀನಿ. ಅದು ಇನ್ಯಾರದೋ ಗಾಡಿಯಾಗೆ ಕುಂತು ಹೋದ್ರೆ ಹೆಂಗೆ?"

ಆ ಚಿಂತೆಗೆ ಅವಕಾಶವೇ ಒದಗಲಿಲ್ಲ. ನಮ್ಮ ಗಾಡಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಮೀನಾ ದಿದಿ ತಲೆಯಾಡಿಸಿದರು. ನಮ್ಮ ಬ್ಯಾಟರಿಗಳನ್ನು ಗಾಡಿಯ ಹೊಟ್ಟೆಗೆ ಬಿಗಿದು ಕೂರಿಸಿದ್ದಾರೆ. ಅವನ್ನು ಬದಲಿಸಲು ಹೋದರೆ ಗಾಡಿಯನ್ನೇ ಬಿಚ್ಚಬೇಕು. ಇಷ್ಟು ದೂರ ಬಂದು ನೋಡಿದ ಅದ್ಭುತ ನಮ್ಮ ಉಪಯೋಗಕ್ಕೆ ಬಾರದೆಂದು ತಿಳಿಯಲು ಒಂದು ಲೋಟ ಚಹಾ ಸಾಕಾಯಿತು. ನಾನು ಮಂಕಾಗಿ ಕೂತೆ.

ಶೆಡ್ಡಿನ ಇನ್ನೊಂದು ಬದಿಯಲ್ಲಿ ನಮ್ಮಂತೆಯೇ ಬಿಗಿದ ಬ್ಯಾಟರಿಯ ಹೊಸ ವ್ಯಾನುಗಳು ಚಾರ್ಜ್ ಆಗುತ್ತಿದ್ದವು. ಅವುಗಳ ಪಕ್ಕದ ಗೋಡೆಯಲ್ಲಿ ಮೊಳೆಗಳ ಒಂದು ಹಲಗೆ, ಒಂದೊಂದು ಮೊಳೆಗೆ ಒಂದೊಂದು ಕೀ. ಮುಂಚೆ ಹೊರಡಬೇಕಾದ ಗಾಡಿಯ ಕೀ ಮೊದಲ ಮೊಳೆಗೆ. ಮೊದಲು ಬಂದವರದು ಮೊದಲಲ್ಲ. ಒಂದು ಗಾಡಿಯ ಚಾರ್ಜ್ ಮುಗಿದೊಡನೆ ಅಲ್ಲಿ ಯಾರಿದ್ದರೆ ಅವರು ಅದನ್ನು ಪಕ್ಕಕ್ಕಿಟ್ಟು ಮುಂದಿನ ಮೊಳೆಯ ಗಾಡಿಯನ್ನು ತಂದು ಹಚ್ಚುತ್ತಾರೆ. ನಾನು ಶಿಷ್ಟಾಚಾರಕ್ಕಾಗಿ ಅದರ ಒಂದು ಫೋಟೋ ತೆಗೆದೆ.

ಗಂಗಾಬಾಯಿ ಹಲಗೆಯೆದುರು ಹುಬ್ಬು ಗಂಟಿಕ್ಕಿ ನಿಂತಿದ್ದಳು. "ದಿದಿ, ಚಾವಿ ಹಿಂಗೆ ಬಯಲಿಗೆ ಬಿಟ್ರೆ ಯಾರಾದ್ರೂ ಗಾಡಿ ಹೊಡಕೊಂಡು ಹೋಗಲ್ವಾ?"

ಅವಳ ಕೈಸನ್ನೆ ಮೀನಾ ದಿದಿಗೆ ಅರ್ಥವಾಯಿತು. "ಒಯ್ದರೆ ಎಲ್ಲಿಗೆ ಒಯ್ಯುತ್ತಾರೆ ಬಹಿನಿ? ಚಾರ್ಜಿಗೆ ಸಂಜೆ ಇಲ್ಲಿಗೇ ತರಬೇಕಲ್ಲ," ಎಂದರು. ತಂಗಿ ಎಂದು ಕರೆಸಿಕೊಂಡ ಗಂಗಾಬಾಯಿ ಕರಗಿದಳು, ಒಪ್ಪಲಿಲ್ಲ.

ಹೆದ್ದಾರಿಯ ಊಟದ ಮನೆ

ಮರುದಿನ ಮೀನಾ ದಿದಿ ನಮ್ಮನ್ನು ಪೋಖರಾದ ಕಡೆ ಹೋಗುವ ವಿದ್ಯುತ್ ವ್ಯಾನೊಂದರಲ್ಲಿ ಕೂರಿಸಿದರು. ಹೆದ್ದಾರಿಯಲ್ಲಿ ಚಾರ್ಜಿಂಗ್ ಹೇಗೆ ನಡೆಯುತ್ತದೆಂದು ನೋಡಿ ಬನ್ನಿ ಎಂದರು. ಕಣಿವೆಯ ಅಂಚಿನಿಂದ ರಸ್ತೆ ಕೆಳಕ್ಕೆ ಧುಮುಕಿದಂತೆ ಚಾಲಕ ಬಿಷ್ಣು ಮುಂದಿನ ಪರದೆಯನ್ನು ತೋರಿಸಿದ: ಇಳಿಜಾರಿನಲ್ಲಿ ಬ್ಯಾಟರಿ ಇಳಿಯುವ ಬದಲು ತುಸು ತುಸುವೇ ಏರುತ್ತಿತ್ತು. ಗಂಗಾಬಾಯಿ ಕಣ್ಣರಳಿಸಿ, "ಸುಧಕ್ಕ, ಜಗಳೂರು ದಾರಿಯಾಗೆ ಒಂದು ಗುಡ್ಡ ಕಟ್ಟಿಸಾಕೆ ಅರ್ಜಿ ಹಾಕ್ರಿ," ಎಂದಳು.

ತ್ರಿಶೂಲಿ ನದಿಯ ದಂಡೆಯ ಊಟದ ಮನೆಯೊಂದರೆದುರು ವ್ಯಾನು ನಿಂತಿತು. ಅಂಗಳದಲ್ಲಿ ಎರಡು ಚಾರ್ಜಿಂಗ್ ಕಂಬಗಳು. ಒಂದರಲ್ಲಿ ಬೇರೊಂದು ವ್ಯಾನು, ಇನ್ನೊಂದು ಖಾಲಿ. ಬಿಷ್ಣು ನಮ್ಮನ್ನು ಬಾಗಿಲಲ್ಲಿ ಇಳಿಸಿ, ವ್ಯಾನನ್ನು ತಿರುಗಿಸಿಕೊಂಡು ಬರಲು ಹೋದ. ಅಷ್ಟರಲ್ಲಿ ಹಿಂದಿನಿಂದ ಮತ್ತೆರಡು ವ್ಯಾನುಗಳು ಅಂಗಳದತ್ತ ತಿರುಗುತ್ತಿದ್ದವು. ಆಮೇಲೆ ನಡೆದದ್ದು ಬುದ್ಧಿಯ ಕೆಲಸವಲ್ಲ, ಭುಜದ ಕೆಲಸ. ಗಂಗಾಬಾಯಿ ನಾಲ್ಕು ಹೆಜ್ಜೆ ಓಡಿ, ಹೆಗಲ ಮೇಲಿನ ನೀಲಿ ಚೌಕಳಿಯನ್ನು ಖಾಲಿ ಕಂಬದ ತಲೆಗೆ ಬೀಸಿ ಹಾಕಿ, ಏನೂ ಆಗಿಲ್ಲವೆಂಬಂತೆ ಬಂದು ಊಟಕ್ಕೆ ಕೂತಳು. ನಾನೂ ಅದನ್ನು ನೋಡಿದೆ. ಓದುಗರಿಂದ ಮುಚ್ಚಿಡುವುದೇಕೆ, ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಆ ಸೀಮೆಯಲ್ಲಿ ಅನ್ನ, ಬೇಳೆಯ ಊಟಕ್ಕೆ ಕೂತರೆ, ತಟ್ಟೆಗೆ ಕೈ ಅಡ್ಡ ಹಿಡಿಯುವವರೆಗೆ ಬಡಿಸುತ್ತಲೇ ಇರುತ್ತಾರೆ. ಊಟ ಮುಗಿಯುವಷ್ಟರಲ್ಲಿ ವ್ಯಾನಿನ ಹಸಿವೂ ತೀರಿರಬೇಕೆಂಬುದು ಅಲ್ಲಿನ ಲೆಕ್ಕ. ನಾವು ಉಂಡೆವು. ಮತ್ತೆ ಉಂಡೆವು. ಕರೆ ಬರಲಿಲ್ಲ. ಬೇಸರ ಕಳೆಯಲು ಇನ್ನಷ್ಟು ಉಂಡೆವು. ಕಡೆಗೆ ಹೊರಗೆ ಹೋಗಿ ನೋಡಿದರೆ ನಮ್ಮ ವ್ಯಾನು ಮೊದಲ ಕಂಬದ ಸಾಲಿನ ಕಟ್ಟಕಡೆಗೆ ನಿಂತಿದೆ. ಬಿಷ್ಣು ಬಂಡೆಯ ಮೇಲೆ ಕೂತು ನದಿ ನೋಡುತ್ತಿದ್ದಾನೆ.

"ಆ ಕಂಬ ಖಾಲಿ ಇದೆಯಲ್ಲ?" ಎಂದು ಕೇಳಿದೆ.

"ಅದು ಕೆಟ್ಟಿದೆ ದಿದಿ. ನೋಡಿ, ಬಟ್ಟೆ ಮುಚ್ಚಿದ್ದಾರೆ."

ಹಿಂದೆ ಬಂದ ವ್ಯಾನುಗಳೂ ಹಾಗೆಯೇ ತಿಳಿದು ಇತ್ತ ಸಾಲು ಹಚ್ಚಿದ್ದವು. ಯಾರಿಗಾಗಿ ಟವೆಲ್ಲು ಹಾಕಿದೆವೋ ಆ ನಮ್ಮ ಬಿಷ್ಣುವೇ ಅದಕ್ಕೆ ಹೆದರಿ ದೂರ ನಿಂತಿದ್ದ. ಊಟದ ಮನೆಯ ಯಜಮಾನಿ, ಮೂಗುಬೊಟ್ಟಿನ ಮುದುಕಿ, ಇಷ್ಟು ಜನ ಯಾಕೆ ಕಾಯುತ್ತಿದ್ದಾರೆಂದು ಹೊರಬಂದು, ಆ ಟವೆಲ್ಲನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದು ಯಾರದು?" ಎಂದಳು.

ಗಂಗಾಬಾಯಿ ನದಿಯನ್ನು ಬಹು ಭಕ್ತಿಯಿಂದ ನೋಡುತ್ತಿದ್ದಳು. ಮುದುಕಿ ಮತ್ತೆ ಕೇಳಿದಳು. ಆಗ ಅವಳು ಮುಂದೆ ಬಂದು, "ನಂದೇ ಅವ್ವಾ," ಎಂದು ಕನ್ನಡದಲ್ಲೇ ಹೇಳಿ, ಬಸ್ಸು, ಕಿಟಕಿ, ಸೀಟು ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಅಂಗಳದವರೆಲ್ಲ ನೋಡಿದರು. ಮುದುಕಿ ಸೊಂಟ ಹಿಡಿದುಕೊಂಡು ನಕ್ಕು ಏನೋ ಅಂದಳು. ಬಿಷ್ಣು ನನಗೆ ಹಿಂದಿಯಲ್ಲಿ ತಿಳಿಸಿದ: "ನಿಮ್ಮ ಊರಿನಲ್ಲಿ ಪ್ರಯಾಣ ಮಾಡುವುದು ಟವೆಲ್ಲೋ, ಜನರೋ ಎಂದು ಕೇಳುತ್ತಿದ್ದಾಳೆ."

ಖಾಲಿಯಾದ ಕಂಬಕ್ಕೆ ಸಾಲಿನಲ್ಲಿ ಮುಂದಿದ್ದ ವ್ಯಾನು ಹೋಯಿತು. ನ್ಯಾಯವಾಗಿ ನಮ್ಮದು ಕೊನೆಗೇ ಉಳಿಯಿತು.

ಗಂಗಾಬಾಯಿ ಟವೆಲ್ಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಜಗಳೂರು ನಾಗರಾಜ ದಿನಾ ಹಿಂಗೇ ನಿಂತಿರ್ತಾನಲ್ಲ, ಸುಧಕ್ಕ."

"ಹೌದು."

"ಊಟನೂ ಇರಲ್ಲ ಅವನಿಗೆ. ನಮಗೆ ಊಟನಾದ್ರೂ ಇತ್ತು."

ಆಗ ನನಗೆ ಮೀನಾ ದಿದಿಯ ಮೊಳೆ ಹಲಗೆ ನೆನಪಾಯಿತು. ಶಿಷ್ಟಾಚಾರಕ್ಕೆಂದು ತೆಗೆದ ಆ ಫೋಟೋವನ್ನು ಹುಡುಕಿ ತೋರಿಸಿದೆ. ನಮ್ಮಲ್ಲಿಯೂ ಹೀಗೆ ಮಾಡಿದರೆ ಟವೆಲ್ಲೂ ಬೇಡ, ಹೊಸ ಪ್ಲಗ್ಗೂ ಬೇಡ ಎಂದೆ. ಗಂಗಾಬಾಯಿ ಸೆಟೆದು ಕೂತಳು. "ಟವಲ್ಲು ಬ್ಯಾರೆ, ಚಾವಿ ಬ್ಯಾರೆ. ಟವಲ್ಲು ಬೇಕಾದ್ರೆ ಬಿಡ್ತೀನಿ. ನನ್ ಗಾಡಿ ಇನ್ನೊಬ್ರು ಮುಟ್ಟಾದು ಆಗಂಗಿಲ್ಲ." ಕಠ್ಮಂಡುವಿನಿಂದ ಚನ್ನಗಿರಿಯವರೆಗೆ ದಾರಿಯುದ್ದಕ್ಕೂ ನಾನು ವಾದಿಸಿದೆ. ಪೂರ್ವಪಕ್ಷ, ಸಿದ್ಧಾಂತ, ಉಪಸಂಹಾರ ಎಲ್ಲವೂ ಮುಗಿದವು. ಅವಳು ಮಂಡಕ್ಕಿ ತಿನ್ನುತ್ತಾ ಎಲ್ಲಕ್ಕೂ ಹೂಂಗುಟ್ಟಿ, ಕೊನೆಗೆ "ಆಗಂಗಿಲ್ಲ" ಎಂದಳು.

ಮರಳಿ ಚನ್ನಗಿರಿ

ಸಭೆ ಶೆಡ್ಡಿನಲ್ಲೇ ಸೇರಿತು. ಬಸವಾಪಟ್ಟಣದ ಬಡಗಿಯೊಬ್ಬರಿಂದ ನಾನು ಮಾಡಿಸಿ ತಂದ ಮೊಳೆ ಹಲಗೆ ಗೋಡೆಯ ಮೇಲಿತ್ತು. ನನ್ನ ಭಾಷಣ ಚೆನ್ನಾಗಿಯೇ ಇತ್ತೆಂದು ನಂಬಿದ್ದೇನೆ, ಚಪ್ಪಾಳೆಯೂ ಬಂತು. ಕೀ ಮಾತ್ರ ಒಂದೂ ಬರಲಿಲ್ಲ.

"ನಮ್ ಮನಿ ಚಾವಿನೂ ಅದರಾಗೇ ಐತೆ ಮೇಡಂ," ಎಂದ ಹೊನ್ನಾಳಿಯ ಚಾಲಕ.

"ಮನೆಯದು ಬಿಚ್ಚಿಕೊಂಡು ಗಾಡಿಯದು ಕೊಡಿ."

"ಆ ರಿಂಗು ಬಿಚ್ಚಾಕೆ ಬರಲ್ಲ. ಮದ್ವೇಲಿ ಹಾಕಿದ್ದು."

ಎಲ್ಲರೂ ನಕ್ಕರು. ಚನ್ನಬಸಪ್ಪನವರು ನಗಲಿಲ್ಲ. "ಸುಧಮ್ಮ, ಹೋಗಿ ಬಂದಿದ್ದು ಒಳ್ಳೇದಾತು. ಆದ್ರೆ ನೋಡಿದ್ರಲ್ಲ, ನಮ್ ಜನ ಚಾವಿ ಹೆಂಡ್ತಿ ಕೈಗೂ ಕೊಡಲ್ಲ. ಗಾಡಿ ವಾಪಸ್ ಮಾಡಾದೇ ಸೈ. ಕೈ ಎತ್ರಿ."

ಕೈಗಳು ಒಂದೊಂದಾಗಿ ಏಳತೊಡಗಿದವು. ನಾನು ಗಂಗಾಬಾಯಿಯ ಕಡೆ ನೋಡಲಾರದೆ ಕೂತಿದ್ದೆ. ಕಣ್ಣಂಚಿನಲ್ಲಿ ಅವಳೂ ಕೈಯೆತ್ತಿದಂತೆ ಕಂಡಿತು. ಆದರೆ ಆ ಕೈಯಲ್ಲಿ ಕೀ ಇತ್ತು. ಮನೆಯ ಬೀಗದ ಕೈಯನ್ನೂ ಲಂಬಾಣಿಗರ ಗುರು ಸೇವಾಲಾಲರ ಪುಟ್ಟ ಚಿತ್ರವನ್ನೂ ಅದರಿಂದ ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ನಡೆದುಹೋಗಿ ಕೀಯನ್ನು ಹಲಗೆಯ ಕೊನೆಯ ಮೊಳೆಗೆ ತೂಗುಹಾಕಿದಳು.

"ಮೊದಲ್ನೇ ಮೊಳೆ ನಾಗರಾಜಂದು. ಅವನ ಊರು ದೂರ," ಎಂದಳು. "ನನ್ ಗಾಡಿ ತುಂಬೈತೆ, ಪ್ಲಗ್ಗಿನಾಗೇ ಕುಂತೈತೆ. ಬಾರೋ ನಾಗರಾಜ, ತೆಗಿ."

ನಾಗರಾಜ ಎದ್ದನೇ ಹೊರತು ಕೀ ಮುಟ್ಟಲಿಲ್ಲ. "ನೀನೇ ತೆಗಿಯಕ್ಕ. ಏನಾದ್ರೂ ಆದ್ರೆ ನನ್ನ ಊರು ಮುಟ್ಟಾಕೆ ಬಿಡ್ತೀಯಾ ನೀನು?"

"ತಗೊಳ್ಳೋ, ಕಚ್ಚಲ್ಲ ಅದು."

ಅವನು ಅವಳ ಗಾಡಿ ಹತ್ತಿದ. ಸಭೆಯೆಲ್ಲ ಎದ್ದು ನಿಂತಿತು. ನೆಟ್ಟಗೆ ಹಿಂದಕ್ಕೆ ಬಂದರೆ ಸಾಕಿತ್ತು. ಇಷ್ಟು ಕಣ್ಣುಗಳ ಎದುರು ಅವನು ಸ್ಟಿಯರಿಂಗನ್ನು ತುಸು ಹೆಚ್ಚೇ ತಿರುಗಿಸಿದ, ಗಾಡಿಯ ಎಡ ಬದಿ ಶೆಡ್ಡಿನ ಕಂಬಕ್ಕೆ ಕರ್ರೆಂದು ಉಜ್ಜಿತು.

ನಾಗರಾಜ ಇಳಿದು ತಲೆ ತಗ್ಗಿಸಿ ನಿಂತ. ಗಂಗಾಬಾಯಿ ಹತ್ತಿರ ಹೋಗಿ, ಬಗ್ಗಿ, ಬಣ್ಣ ಹೋದ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ಹೆಗಲ ಮೇಲಿನ ನೀಲಿ ಚೌಕಳಿ ಟವೆಲ್ಲನ್ನು ತೆಗೆದು, ಅಲ್ಲಿ ಅಂಟಿದ್ದ ಕಂಬದ ಸುಣ್ಣವನ್ನು ನಿಧಾನವಾಗಿ ಒರೆಸಿದಳು.

"ಗೀರು ಬಿದ್ರೆ ಬೀಳ್ಲಿ ಬಿಡು," ಎಂದಳು. "ಗಾಡಿ ಇದ್ರೆ ತಾನೇ ಗೀರು. ಹೋಗು, ನಿಂದು ಹಚ್ಚು. ಹೊತ್ತಾತು."

ನಾಗರಾಜ ತನ್ನ ಗಾಡಿಯನ್ನು ಪ್ಲಗ್ಗಿಗೆ ಹಚ್ಚಿ, ಅದರ ಕೀಯನ್ನು ಮೊದಲ ಮೊಳೆಗೆ ಹಾಕಿದ. ಹೊನ್ನಾಳಿಯವನು ಗೋಡೆಗೆ ಮುಖ ಮಾಡಿ, ಬಿಚ್ಚಲು ಬಾರದ ಆ ರಿಂಗಿಗೆ ಹಲ್ಲು ಹಾಕತೊಡಗಿದ. ಚನ್ನಬಸಪ್ಪನವರು ಎತ್ತಿದ್ದ ಕೈಗಳನ್ನೆಲ್ಲ ಇಳಿಸಲು ಹೇಳಿ, "ಮೆಕ್ಕೆಜೋಳದ ಸುಗ್ಗಿ ಮುಗಿಯಾ ತನಕ ನೋಡಾಣ," ಎಂದರು. ಅಲ್ಲಿಯವರೆಗೆ ಗಾಡಿ ಗಂಗಾಬಾಯಿಯದೇ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಚಾರ್ಜಿಂಗ್ ಕಂಬಗಳು ಈಗ ನಿಮ್ಮ ಊರುಗಳಿಗೂ ಬರುತ್ತಿವೆ. ನಿಮ್ಮ ಗಾಡಿ ತುಂಬಿದೊಡನೆ ದಯವಿಟ್ಟು ಪ್ಲಗ್ಗು ಬಿಡಿಸಿ ಅದನ್ನು ಪಕ್ಕಕ್ಕೆ ನಿಲ್ಲಿಸಿ. ನೀವು ದೂರ ಹೋಗುವುದಾದರೆ ಕೀಯನ್ನು ಅಲ್ಲಿರುವ ನಂಬಿಕಸ್ತರ ಕೈಗೆ ಕೊಟ್ಟು ಹೋಗಿ. ಟವೆಲ್ಲು ನಿಮ್ಮ ಹೆಗಲ ಮೇಲೆಯೇ ಇರಲಿ.